ಮಥುರೆಯ ಕಾಯಿಲ್

ವಿಜಯಮ್ಮನವರು ನನ್ನನ್ನು ಕ್ಷಮಿಸಿದ್ದು 2006ನೇ ಇಸವಿಯ ನವೆಂಬರ್ ತಿಂಗಳಲ್ಲಿ, ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಹೌಜ್ ಖಾಸ್‌ನ ಅವರ ಮನೆಯ ಗ್ಯಾರೇಜಿನ ಮುಂದೆ. ನಾನು ಏನನ್ನೂ ಕದ್ದಿರಲಿಲ್ಲ.

ಅವರ ಮನೆಯ ಕಾರು 1961ರ ಅಂಬಾಸಡರ್. ಬೂದಿ ಬಣ್ಣದ್ದು. ಅದು ಹೊಸದಾಗಿ ನಮ್ಮ ಆಫೀಸಿನ ಮೋಟಾರ್ ಶೆಡ್ಡಿಗೆ ಬಂದ ದಿನ ಅದರ ಸ್ಟೇರಿಂಗಿಗೆ ಸುತ್ತಿದ್ದ ಕಾಗದವನ್ನು ಬಿಚ್ಚಿದವನು ನಾನು. ಹನ್ನೊಂದು ವರ್ಷ ಸರ್ಕಾರಕ್ಕಾಗಿ ಅದನ್ನು ಓಡಿಸಿದೆ. 1972ರಲ್ಲಿ ಅದನ್ನು ಹರಾಜಿಗೆ ಹಾಕಿದಾಗ, ಆಗ ಸೆಕ್ಷನ್ ಆಫೀಸರ್ ಆಗಿದ್ದ ವಿಜಯಮ್ಮನವರ ಯಜಮಾನರು ದಕ್ಷಿಣಾಮೂರ್ತಿ ಸಾಹೇಬರು ಕೊಂಡರು. ಕೊಳ್ಳುವ ಮೊದಲು ನನ್ನನ್ನು ಕೂಗಿ, "ಬಸವಲಿಂಗಪ್ಪ, ತಗೊಳ್ಳಲೋ ಬೇಡವೋ?" ಎಂದು ಕೇಳಿದ್ದರು. ತಗೊಳ್ಳಿ ಎಂದೆ. ಹಾಗೆಂದ ಮೇಲೆ ರಜೆಯ ದಿನ ಹೋಗಿ ಅದರ ಬಾನೆಟ್ ಎತ್ತಿ ನೋಡುವ ಕೆಲಸವೂ ನನಗೇ ಬಂತು. ಅದಕ್ಕೆ ಅವರು ದುಡ್ಡು ಕೊಡುವುದಾಗಿ ಹೇಳಲಿಲ್ಲ, ನಾನು ಕೇಳಲಿಲ್ಲ. ಅವರದೂ ಅರಸೀಕೆರೆ ಕಡೆ, ನನ್ನದೂ ಅರಸೀಕೆರೆ ಕಡೆ. ದಿಲ್ಲಿಯಲ್ಲಿ ಅಷ್ಟು ಸಾಕಾಗಿತ್ತು. ಸಾಹೇಬರು ತೀರಿಕೊಂಡು ಮೂರು ವರ್ಷವಾದ ಮೇಲೂ ಎರಡು ವಾರಕ್ಕೊಮ್ಮೆ ಲಕ್ಷ್ಮೀ ನಗರದಿಂದ ಎರಡು ಬಸ್ಸು ಹತ್ತಿಳಿದು ಹೋಗಿ, ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ, ವಿಜಯಮ್ಮನವರು ಕೊಟ್ಟ ಕಾಫಿ ಕುಡಿದು ಬರುತ್ತಿದ್ದೆ.

ಆ ವರ್ಷ ದಸರೆಗೆ ಒಂದು ವಾರ ಮುಂಚೆ ಹೋಗಿ ಆಯಿಲ್ ಬದಲಾಯಿಸಿ, ಪ್ಲಗ್ಗು ತೊಳೆದು, ಅರ್ಧ ದಿನ ಕೂತು ಎಲ್ಲ ಸರಿಮಾಡಿ ಬಂದಿದ್ದೆ. ಯಾಕೆಂದರೆ ಮಾರನೆಯ ದಿನ ನನಗೆ ಬಲಗಣ್ಣಿನ ಪೊರೆ ತೆಗೆಯುವ ಆಪರೇಷನ್ ಇತ್ತು. ಆಪರೇಷನ್ ಆದ ಮೇಲೆ ಕಣ್ಣು ಊದಿಕೊಂಡಿತು. ಡಾಕ್ಟರು ಏಳು ವಾರ ಮನೆ ಬಿಟ್ಟು ಕದಲಬೇಡ ಎಂದರು. ಹೀಗಾಗಿ ಆಯುಧಪೂಜೆಗೆ ನಾನು ಹೋಗಲಾಗಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ತಪ್ಪಿದ್ದು ಅದೊಂದೇ ಸಲ.

ನವೆಂಬರಿನ ಆ ಭಾನುವಾರ ಕಪ್ಪು ಕನ್ನಡಕ ಹಾಕಿಕೊಂಡು ಹೋದೆ. ಗೇಟು ತೆಗೆದ ಚೌಕಿದಾರ ಎಂದಿನಂತೆ ನಮಸ್ತೆ ಅನ್ನಲಿಲ್ಲ. ಸಾಹೇಬರ ಮಗ ಚರಣ್ ಗ್ಯಾರೇಜಿನ ಮುಂದೆ ನಿಂತಿದ್ದ. ಮೂವತ್ತು ವರ್ಷದ ಹುಡುಗ, ಗುಡಗಾಂವಿನ ಒಂದು ಕಂಪನಿಯಲ್ಲಿ ದೊಡ್ಡ ಕೆಲಸ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಕನ್ನಡದಲ್ಲಿ ಶುರುಮಾಡಿದ ಮಾತನ್ನು ಹಿಂದಿಯಲ್ಲಿ ಮುಗಿಸುತ್ತಾನೆ. ಕಾರಿನ ಮುಂದಿನ ಬಂಪರಿಗೆ ಎಳೆದು ತಂದ ಹಗ್ಗ ಇನ್ನೂ ಕಟ್ಟಿಕೊಂಡೇ ಇತ್ತು.

ನಡೆದದ್ದನ್ನು ಅವನೇ ಹೇಳಿದ. ಮುಂದಿನ ಭಾನುವಾರ ಹಳೆಯ ಕಾರುಗಳ ಮೆರವಣಿಗೆ ಇದೆಯಂತೆ, ಇವನು ಹೆಸರು ಕೊಟ್ಟಿದ್ದಾನಂತೆ, ಆಫೀಸಿನ ದೊಡ್ಡವರೆಲ್ಲ ನೋಡಲು ಬರುತ್ತಾರಂತೆ. ಹದಿನೈದು ದಿನದ ಕೆಳಗೆ ಸ್ಟಾರ್ಟ್ ಮಾಡಲು ಹೋದರೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಓಖ್ಲಾದ ಒಂದು ವರ್ಕ್‌ಶಾಪಿಗೆ ಎಳೆಸಿಕೊಂಡು ಹೋದ. ಅಲ್ಲಿನ ಮಿಸ್ತ್ರಿ ಸತ್ಪಾಲ್ ಎಂಬುವನು ಮೂರು ದಿನ ಇಟ್ಟುಕೊಂಡ. ಹೊಸ ಪ್ಲಗ್ಗು ಹಾಕಿದ, ಬ್ಯಾಟರಿ ಚಾರ್ಜ್ ಮಾಡಿದ. ಆಗಲಿಲ್ಲ. ಕಡೆಗೆ ಕಾಯಿಲ್ ನೋಡಿ ತಲೆ ಅಲ್ಲಾಡಿಸಿದ.

ಕಾಯಿಲ್ ಎಂದರೆ ಕೈಮುಷ್ಟಿಯಷ್ಟು ದಪ್ಪದ ಒಂದು ಲೋಹದ ಡಬ್ಬಿ. ಬ್ಯಾಟರಿಯ ಸಣ್ಣ ಕರೆಂಟನ್ನು ಕಿಡಿ ಹಾರುವಷ್ಟು ಜೋರು ಮಾಡಿ ಕಳಿಸುವುದು ಅದರ ಕೆಲಸ. ಸತ್ಪಾಲನ ತೀರ್ಪು ಏನೆಂದರೆ, ಈ ಗಾಡಿಯ ಜೊತೆ ಹುಟ್ಟಿದ್ದು ವಿಲಾಯತಿ ಕಾಯಿಲ್, ಹಳೆ ಕಾರಿನ ಶೋಕಿ ಇರುವವರು ಅದಕ್ಕೆ ಕೇಳಿದಷ್ಟು ಕೊಡುತ್ತಾರೆ. ಈಗ ಇರುವುದು ದೇಸಿ ಮಾಲು. ಯಾರೋ ಒರಿಜಿನಲ್ ಬಿಚ್ಚಿಕೊಂಡು ಇದನ್ನು ಸಿಕ್ಕಿಸಿದ್ದಾರೆ, ಅದಕ್ಕೇ ಗಾಡಿ ಏಳುತ್ತಿಲ್ಲ. ಕಡೆಯದಾಗಿ ಗಾಡಿ ಯಾರ ಕೈಯಲ್ಲಿತ್ತು ಎಂದು ಅವನು ಕೇಳಿದ. ಚರಣ್ ನನ್ನ ಹೆಸರು ಹೇಳಿದ. ವರ್ಕ್‌ಶಾಪಿನ ಆರೇಳು ಜನ ಕೇಳಿಸಿಕೊಂಡರು. ಮನೆಗೆ ಬಂದು ಅಮ್ಮನಿಗೆ ಹೇಳಿದ್ದನ್ನು ಚೌಕಿದಾರ ಕೇಳಿಸಿಕೊಂಡ.

"ಅಂಕಲ್, ಕೋಯೀ ಬಾತ್ ನಹೀ," ಎಂದ ಚರಣ್. "ಒರಿಜಿನಲ್ ಯಾರಿಗೆ ಕೊಟ್ರಿ ಅಂತ ಹೇಳಿಬಿಡಿ, ಬಸ್. ನಾನೇ ಹೋಗಿ ವಾಪಸ್ ತಗೊಂಡ್ ಬರ್ತೀನಿ. ನಿಮಗೆ ಯಾರೂ ಏನೂ ಅನ್ನಲ್ಲ."

ನಾನು ಮೊದಲಿನಿಂದಲೂ ನಿಧಾನದ ಮನುಷ್ಯ. ಮಾತು ಹುಡುಕಿಕೊಂಡು ನಿಂತಿರುವಾಗಲೇ ವಿಜಯಮ್ಮನವರು ಮೆಟ್ಟಿಲ ಮೇಲೆ ಬಂದರು.

"ಬಿಡು ಚರಣ್, ಅವರನ್ನ ನಿಲ್ಲಿಸಿ ಯಾಕೆ ಕೇಳ್ತೀಯ," ಎಂದರು. "ಕಣ್ಣಿನ ಆಪರೇಷನ್ನು ಅಂದ್ರೆ ಖರ್ಚು ಇರುತ್ತೆ. ಏನೋ ಕಷ್ಟಕ್ಕೆ ತಗೊಂಡಿರಬೇಕು. ಬಸವಲಿಂಗಪ್ಪ, ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ. ಕ್ಷಮಿಸಿದೀನಿ. ಬನ್ನಿ, ಕಾಫಿ ಕುಡೀರಿ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪೊಲೀಸಿಗೆ ಕೊಡುತ್ತೇನೆ ಎಂದಿದ್ದರೆ ಕೊಡಿ ಎನ್ನಬಹುದಿತ್ತು. ಕ್ಷಮಿಸಿದವರಿಗೆ ಏನು ಹೇಳುವುದು? ಎಷ್ಟು ಮೃದುವಾಗಿ ಹೇಳಿದರೆಂದರೆ, ನಾನು ಕದ್ದಿದ್ದೇನೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿ ಉಳಿಯಲಿಲ್ಲ. ಅದು ತೀರ್ಮಾನವಾಗಿ, ಅದರ ಮೇಲೆ ದಯೆಯೂ ಬಂದು ಕೂತಿತ್ತು. ಕಾಫಿ ಬೇಡ ಎಂದಷ್ಟೇ ಹೇಳಿ ತಿರುಗಿದೆ. ಗೇಟಿನ ಚಿಲಕವನ್ನು ನಾನೇ ತೆಗೆದುಕೊಳ್ಳಬೇಕಾಯಿತು.

ಬಸ್ಸು ಯಮುನೆಯ ಸೇತುವೆಗೆ ಬರುವ ಹೊತ್ತಿಗೆ ನನಗೆ ಆ ಕಾಯಿಲ್‌ನ ಪೂರ್ತಿ ಕಥೆ ಜ್ಞಾಪಕಕ್ಕೆ ಬಂದಿತ್ತು. ಅದನ್ನು ಹಾಕಿದ ವರ್ಷ, ತಿಂಗಳು, ಹಾಕಿದ ಜಾಗ, ಆ ದಿನದ ಬಿಸಿಲು ಎಲ್ಲವೂ. ಆದರೆ ಅದನ್ನು ಕಣ್ಣಾರೆ ಕಂಡ ಸಾಹೇಬರು ಈಗಿಲ್ಲ. ಇಪ್ಪತ್ತೊಂಬತ್ತು ವರ್ಷದ ಹಿಂದಿನ ಅಂಗಡಿಯ ಚೀಟಿ ಯಾರ ಹತ್ತಿರ ಇರುತ್ತದೆ? ಹೋಗಿ ಹೇಳಿದರೆ, ವಾರವಿಡೀ ಕೂತು ಕಟ್ಟಿದ ಕಥೆ ಎನ್ನುವರು.

ಮನೆಯಲ್ಲಿ ಮಗಳು ಶೈಲಜಾಗೆ ಹೇಳಿದೆ. ಅವಳು, "ಬಿಟ್ಟುಬಿಡಪ್ಪ, ಹೇಗೂ ಕ್ಷಮಿಸಿದಾರಲ್ಲ," ಎಂದಳು. ಆ ದಿನ ಅವಳ ಜೊತೆಯೂ ಮಾತಾಡಲಿಲ್ಲ.

ಸೋಮವಾರದಿಂದ ಶುಕ್ರವಾರದವರೆಗೆ ಮನೆಯಲ್ಲೇ ಕೂತು ಅದನ್ನೇ ನೆನೆದೆ. ಸತ್ಪಾಲನ ಮೇಲೆ ಬಂದ ಸಿಟ್ಟು ಸಣ್ಣದು. ಅವನು ನನ್ನ ಮುಖ ಕಂಡವನಲ್ಲ. ಆದರೂ ಅವನ ಕೆಲಸವನ್ನು ನೆನೆದರೆ ಮೈ ಉರಿಯುತ್ತಿತ್ತು. ನಮ್ಮ ಮೋಟಾರ್ ಶೆಡ್ಡಿನಲ್ಲಿ ಏಕನಾಥ ಎಂಬ ಮರಾಠಿ ಮಿಸ್ತ್ರಿ ಇದ್ದರು. ಗಾಡಿ ಏಳದಿದ್ದರೆ ಯಾವ ಸಾಮಾನನ್ನೂ ಬದಲಾಯಿಸಲು ಅವರು ಬಿಡುತ್ತಿರಲಿಲ್ಲ. ಕಿಡಿ ಹುಟ್ಟುವ ಜಾಗದಿಂದ ಹೊರಡು, ಅದರ ಹಿಂದೆಯೇ ನಡಿ, ಎಲ್ಲಿ ಅದು ಕೈಬಿಡುತ್ತದೋ ಅಲ್ಲಿ ನಿಲ್ಲು ಎನ್ನುತ್ತಿದ್ದರು. ಈ ಸತ್ಪಾಲ್ ಕಾಯಿಲ್‌ನ ಮೇಲೆ ಬರೆದ ಹೆಸರನ್ನು ಓದಿದ. ಅದರಿಂದ ಕಿಡಿ ಬರುತ್ತದೋ ಇಲ್ಲವೋ ನೋಡಲಿಲ್ಲ. ಕಿಡಿ ನೋಡದೆಯೇ ಕಳ್ಳನನ್ನು ಹಿಡಿದುಬಿಟ್ಟ.

ನಾನೇ ಹೋಗಿ ಗಾಡಿ ಸರಿಮಾಡಿ ತೋರಿಸಬಹುದಿತ್ತು. ಆದರೆ ಅದರಲ್ಲಿ ಒಂದು ಗುಂಡಿ ಇತ್ತು. ನನ್ನ ಕೈ ತಗಲಿ ಗಾಡಿ ಎದ್ದರೆ, ಕದ್ದದ್ದನ್ನು ಗುಟ್ಟಾಗಿ ತಂದು ಹಾಕಿದ ಎನ್ನುತ್ತಾರೆ. ಏಳದಿದ್ದರೆ ಕದ್ದದ್ದು ನಿಜ ಎನ್ನುತ್ತಾರೆ. ಶುಕ್ರವಾರ ಮಧ್ಯಾಹ್ನ ಊಟ ಮಾಡುತ್ತಿರುವಾಗ ದಾರಿ ಹೊಳೆಯಿತು. ಶನಿವಾರ ಬೆಳಿಗ್ಗೆ ಹೊರಟೆ.

ಚರಣ್ ಮನೆಯಲ್ಲೇ ಇದ್ದ. ನನ್ನನ್ನು ಕಂಡು ಅವನ ಕಣ್ಣು ಮೊದಲು ಹೋದದ್ದು ನನ್ನ ಕೈಚೀಲದ ಮೇಲೆ. ಚೀಲವನ್ನು ಅಲ್ಲೇ ಮಗುಚಿ ತೋರಿಸಿದೆ: ಕಣ್ಣಿನ ಔಷಧಿ, ಬಸ್ಸಿನ ಪಾಸು, ಒಂದು ಟವಲ್ಲು.

"ರಿಪೇರಿ ಮಾಡ್ತೀರಾ ಅಂಕಲ್?" ಎಂದ.

"ಮಾಡೋನು ನೀನು. ನಾನು ಗಾಡಿ ಮುಟ್ಟಲ್ಲ. ಅಮ್ಮನವರನ್ನ ಕರಿ. ಚೌಕಿದಾರನನ್ನೂ ಕರಿ."

ಮೂವರೂ ಬಂದರು. ಗ್ಯಾರೇಜಿನ ಒಳಗೆ, ಕಾರಿನಿಂದ ನಾಲ್ಕು ಹೆಜ್ಜೆ ಆಚೆ ಒಂದು ಕುರ್ಚಿ ಹಾಕಿಸಿಕೊಂಡು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತೆ. ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದು ಬೇರೆ. ಅಷ್ಟು ದೂರದಿಂದ ಕಪ್ಪು ಕನ್ನಡಕದಲ್ಲಿ ಎಂಜಿನ್ನು ಒಂದು ಕಪ್ಪು ರಾಶಿಯ ಹಾಗೆ ಕಾಣುತ್ತಿತ್ತು. ವಿಜಯಮ್ಮನವರು ಗೋಡೆಗೆ ಒರಗಿ ನಿಂತರು. ಈ ಮುದುಕ ಇನ್ನೇನು ನಾಟಕ ಆಡುತ್ತಾನೋ ಎಂಬ ಕನಿಕರ ಅವರ ಮುಖದಲ್ಲಿತ್ತು. ಆ ಕನಿಕರವನ್ನು ಕಂಡು ನನ್ನ ಬೆನ್ನು ನೆಟ್ಟಗಾಯಿತು.

ಗೇರು ನ್ಯೂಟ್ರಲ್‌ನಲ್ಲಿದೆಯೇ ನೋಡು ಎಂದು ಚೌಕಿದಾರನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ನಾನು ಹೇಳಿದಾಗ ಮಾತ್ರ ಸೆಲ್ಫ್ ಹೊಡೆಯಬೇಕು. ಒಂದು ಸಲ ಹೊಡೆಸಿದೆ. ಎಂಜಿನ್ನು ಗಡಗಡನೆ ಚುರುಕಾಗಿ ತಿರುಗಿತು, ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಬ್ಯಾಟರಿ ಸರಿ, ಪೆಟ್ರೋಲೂ ಬರುತ್ತಿದೆ, ಕಿಡಿ ಮಾತ್ರ ಇಲ್ಲ ಎಂದು ಮೂವರಿಗೂ ಬಿಡಿಸಿ ಹೇಳಿದೆ.

ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ಒಂದು ಬೇಕು ಎಂದೆ. ವಿಜಯಮ್ಮನವರೇ ತಂದುಕೊಟ್ಟರು.

"ಕಾಯಿಲ್‌ನ ತಲೆಯಿಂದ ಒಂದು ದಪ್ಪ ವೈರು ಹೊರಡುತ್ತೆ ನೋಡು," ಎಂದು ಚರಣ್‌ಗೆ ಹೇಳಿದೆ. "ಅದರ ಇನ್ನೊಂದು ತುದಿ ಕಪ್ಪು ಮುಚ್ಚಳದ ನಡುವೆ ಸಿಕ್ಕಿಸಿರುತ್ತೆ. ಆ ತುದಿ ಎಳಿ. ಕ್ಲಿಪ್ಪಲ್ಲಿ ಹಿಡಿ. ಕೈ ತಗಲಿಸಬೇಡ, ಒದೆಯುತ್ತೆ. ಎಂಜಿನ್ನಿನ ಕಬ್ಬಿಣಕ್ಕೆ ಒಂದು ಭತ್ತದ ಕಾಳಷ್ಟು ದೂರ ಇಟ್ಟು ನಿಂತ್ಕೋ."

ಅವನು ಹಿಡಿದು ನಿಂತ. ಚೌಕಿದಾರನಿಗೆ ಹೊಡಿ ಎನ್ನುವ ಮೊದಲು ನಾನು ತಡೆದೆ. ವಾರವೆಲ್ಲ ಕೋಪದಲ್ಲಿ ಒಂದು ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಕಾಯಿಲ್ ಅದು. ಕಾಯಿಲ್‌ಗೂ ಆಯುಸ್ಸು ಎಂಬುದಿದೆ. ಅದು ತಾನಾಗಿಯೇ ಸತ್ತಿದ್ದರೆ? ಸತ್ಪಾಲ್ ಹೇಳಿದ್ದು ಅರ್ಧ ನಿಜವಾಗುತ್ತದೆ, ಉಳಿದರ್ಧವನ್ನು ಇವರು ತಾವೇ ಸೇರಿಸಿಕೊಳ್ಳುತ್ತಾರೆ. ನಾನು ಸಾಯುವತನಕ ವಿಜಯಮ್ಮನವರ ಕ್ಷಮೆಯನ್ನು ಹೊತ್ತುಕೊಂಡು ತಿರುಗಬೇಕಾಗುತ್ತದೆ.

"ಅಂಕಲ್, ಹೇಳಿ," ಎಂದ ಚರಣ್.

ಹೊಡಿ ಎಂದೆ. ಎಂಜಿನ್ನು ತಿರುಗಿತು. ಅದರ ಸದ್ದಿನ ನಡುವೆ ಚಟ್, ಚಟ್, ಚಟ್ ಎಂದು ಕೇಳಿಸಿತು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

"ಏನು ಕಂಡಿತು?"

"ಸ್ಪಾರ್ಕ್ ಬರ್ತಾ ಇದೆ. ಜೋರಾಗಿದೆ."

"ಬಣ್ಣ?"

"ನೀಲಿ. ಏಕ್‌ದಮ್ ನೀಲಿ."

"ಅಮ್ಮನವರಿಗೆ ತೋರಿಸು. ಇನ್ನೊಂದು ಸಲ ಹೊಡಿ."

ವಿಜಯಮ್ಮನವರು ಬಗ್ಗಿ ನೋಡಿದರು. ಸತ್ಪಾಲ್ ದೇಸಿ ಮಾಲು ಎಂದ ಕಾಯಿಲ್ ಅದೇ, ಕೊಡಬೇಕಾದ ಕಿಡಿಯನ್ನು ಕೊಡುತ್ತಿದೆ ಎಂದು ಹೇಳಿದೆ. ಅದು ಎಲ್ಲಿಯದು ಎಂಬ ಮಾತು ಆಮೇಲೆ. ಗಾಡಿ ಏಳದೇ ಇರುವುದು ಅದರಿಂದ ಅಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಿ ಎಂದೆ. ಚರಣ್ ಒಪ್ಪಿದೆ ಎಂದು ಬಾಯಿಬಿಟ್ಟು ಹೇಳುವವರೆಗೆ ಮುಂದಕ್ಕೆ ಹೋಗಲಿಲ್ಲ.

ಆಮೇಲೆ ಆ ವೈರನ್ನು ಸಿಕ್ಕಿಸಿ, ಮೊದಲನೆಯ ಪ್ಲಗ್ಗಿನ ವೈರನ್ನು ಎಳೆದು ಹಾಗೆಯೇ ಹಿಡಿಯಲು ಹೇಳಿದೆ. ಸೆಲ್ಫ್ ಹೊಡೆಸಿದೆ. ಒಂದು ಸಲ ಕೆಂಪಗೆ ಎಳೆಯಷ್ಟು ಬಂತು, ಹೋಯಿತು, ಮತ್ತೆ ಬರಲಿಲ್ಲ ಎಂದ. ಎರಡನೆಯದರಲ್ಲಿ ಅದೂ ಇಲ್ಲ. ಕಾಯಿಲ್‌ನಿಂದ ಗಟ್ಟಿಯಾಗಿ ಹೊರಟ ಕಿಡಿ ಪ್ಲಗ್ಗು ಮುಟ್ಟುವ ಮೊದಲೇ ಎಲ್ಲೋ ಸೋರಿಹೋಗುತ್ತಿದೆ. ನಡುವೆ ಇರುವುದು ಡಿಸ್ಟ್ರಿಬ್ಯೂಟರ್ ಒಂದೇ, ಅಂದರೆ ಬಂದ ಕಿಡಿಯನ್ನು ನಾಲ್ಕು ಪ್ಲಗ್ಗಿಗೂ ಸರದಿಯಂತೆ ಹಂಚುವ ಆ ಕಪ್ಪು ಮುಚ್ಚಳ. ನಡುವೆ ಒಂದು, ಸುತ್ತ ನಾಲ್ಕು, ಒಟ್ಟು ಐದು ದಪ್ಪ ವೈರು ಅದರ ತಲೆಯಿಂದ ಎದ್ದಿರುತ್ತವೆ.

"ವೈರೆಲ್ಲ ಇದ್ದ ಹಾಗೇ ಸಿಕ್ಕಿಸು. ಷಟರ್ ಎಳಿ," ಎಂದೆ.

"ಕತ್ತಲೆ ಆಗುತ್ತಲ್ಲ ಅಂಕಲ್?"

"ಆಗಲಿ."

ಷಟರ್ ಬಿತ್ತು. ಕೆಳಗಿನ ಸಂದಿಯಲ್ಲಿ ಒಂದು ಗೆರೆ ಬೆಳಕು ಬಿಟ್ಟರೆ ಗ್ಯಾರೇಜು ಕತ್ತಲಾಯಿತು. ನಾನು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಕೈಯನ್ನು ಮತ್ತೆ ಬೆನ್ನ ಹಿಂದೆ ಕಟ್ಟಿದೆ. ಎಲ್ಲರೂ ಆ ಕಪ್ಪು ಮುಚ್ಚಳವನ್ನೇ ನೋಡಿ ಎಂದು ಹೇಳಿ ಚೌಕಿದಾರನಿಗೆ ಕೂಗಿದೆ.

ಎಂಜಿನ್ನು ತಿರುಗುತ್ತಿದ್ದ ಹಾಗೆ ಮುಚ್ಚಳದ ಮೈಮೇಲೆ ನೀಲಿ ಎಳೆಗಳು ಹರಿದಾಡಿದವು. ನಡುವಿನ ವೈರಿನ ಬುಡದಿಂದ ಇಳಿದು, ಪಕ್ಕದ ವೈರುಗಳನ್ನು ಸುತ್ತಿ, ಮುಚ್ಚಳದ ಕುತ್ತಿಗೆ ಇಳಿದು ಕಬ್ಬಿಣದಲ್ಲಿ ಮಾಯವಾದವು. ಮರಿಹಾವುಗಳು ಬಿಲಕ್ಕೆ ಇಳಿದ ಹಾಗೆ. ನಾನು ಆಪರೇಷನ್ ಆದ ಕಣ್ಣಲ್ಲಿ ಮೊದಲು ಚೆನ್ನಾಗಿ ಕಂಡದ್ದು ಅದನ್ನೇ.

"ಶಿವನೇ," ಎಂದರು ವಿಜಯಮ್ಮ, ಮೆಲ್ಲಗೆ.

ಮುಚ್ಚಳದ ಮೇಲೆ ಏನೋ ಇದೆ, ಟಾರ್ಚ್ ಬಿಟ್ಟು ನೋಡು ಎಂದೆ. ಚರಣ್ ಬಗ್ಗಿ ನೋಡಿದ. ಏನಪ್ಪಾ ಎಂದೆ. ಅವನು ಹೇಳುವ ಮೊದಲೇ ವಿಜಯಮ್ಮನವರ ದನಿ ಬಂತು. "ಅದು ನಾನಿಟ್ಟ ಕುಂಕುಮ."

ಷಟರ್ ಎತ್ತಿಸಿದೆ. ಅವರು ನೆಲ ನೋಡುತ್ತಾ ಹೇಳಿದರು. ಆಯುಧಪೂಜೆಯ ದಿನ ನಾನು ಬರಲಿಲ್ಲ, ಚರಣ್ ಆಫೀಸಿನ ಕೆಲಸಕ್ಕೆ ಮುಂಬಯಿಗೆ ಹೋಗಿದ್ದ. ಯಜಮಾನರ ಕಾರು ಪೂಜೆಯಿಲ್ಲದೆ ಇರಬಾರದೆಂದು ಒಬ್ಬರೇ ಶುರುಮಾಡಿದರು. ಪ್ರತಿ ವರ್ಷ ಬಾನೆಟ್ ಮೇಲೆ ಮಾತ್ರ ಕುಂಕುಮ ಇಡುತ್ತೇವೆ, ನಿಜವಾಗಿ ದುಡಿಯುವುದು ಒಳಗಿನ ಎಂಜಿನ್ನು ಅಲ್ಲವೇ ಎನ್ನಿಸಿತು. ಚೌಕಿದಾರನಿಂದ ಬಾನೆಟ್ ಎತ್ತಿಸಿದರು. ಒಳಗೆ ನೋಡಿದರೆ ಕಪ್ಪಗೆ, ದುಂಡಗೆ, ಐದು ಹೆಡೆ ಎತ್ತಿ ಸಾಕ್ಷಾತ್ ನಾಗಪ್ಪ ಕೂತ ಹಾಗಿತ್ತು. ಅದಕ್ಕೆ ಗಂಧ ಹಚ್ಚಿ, ಕುಂಕುಮವಿಟ್ಟು, ತೆಂಗಿನಕಾಯಿ ಒಡೆದು ಅದರ ನೀರಿನಲ್ಲೇ ಅಭಿಷೇಕ ಮಾಡಿದರು. ಓಡಿಸುವವರಿಲ್ಲದ್ದರಿಂದ ಚೌಕಿದಾರ ಮತ್ತು ಕೆಲಸದವಳು ಕಾರನ್ನು ತಳ್ಳಿ ನಿಂಬೆಹಣ್ಣಿನ ಮೇಲೆ ಹತ್ತಿಸಿದರು.

ತೆಂಗಿನ ನೀರಿನಲ್ಲಿ ಉಪ್ಪೂ ಇದೆ, ಸಕ್ಕರೆಯೂ ಇದೆ. ಒಣಗಿದರೂ ಅಂಟು ಹೋಗುವುದಿಲ್ಲ. ನವೆಂಬರಿನ ಇಬ್ಬನಿಯ ತೇವ ಅದಕ್ಕೆ ಸೇರಿದರೆ, ಪ್ಲಗ್ಗಿಗೆ ಹೋಗಬೇಕಾದ ಕಿಡಿಗೆ ಹೊರಗಿನಿಂದಲೇ ಕಾಲುದಾರಿ ಸಿಕ್ಕಂತೆ. ಇಷ್ಟು ವರ್ಷ ಆಯುಧಪೂಜೆಯಲ್ಲಿ ಬಾನೆಟ್ ಎತ್ತಲು ನಾನು ಯಾರನ್ನೂ ಬಿಟ್ಟಿರಲಿಲ್ಲ. ಆದರೆ ಯಾಕೆ ಎಂದು ಬಾಯಿಬಿಟ್ಟು ಹೇಳಿರಲೂ ಇಲ್ಲ. ಅಷ್ಟರ ಮಟ್ಟಿಗೆ ತಪ್ಪು ನನ್ನದೂ ಹೌದು.

"ಸತ್ಪಾಲ್ ಇದನ್ನ ನೋಡಿದ್ದ ಅಂಕಲ್," ಎಂದ ಚರಣ್. "ಕೈ ಮುಗಿದು, ಭಗವಾನ್ ಕಾ ಟೀಕಾ ಹೈ ಅಂತ ಹಾಗೇ ಬಿಟ್ಟ."

ದೇವರ ಕುಂಕುಮ ಮುಟ್ಟಲು ಅವನಿಗೆ ಭಯವಾಯಿತು. ನನ್ನ ಹೆಸರನ್ನು ಮುಟ್ಟಲು ಭಯವಾಗಲಿಲ್ಲ. ಈ ಮಾತನ್ನು ನಾನು ಗಟ್ಟಿಯಾಗಿಯೇ ಹೇಳಿದೆ.

ಒರೆಸಲು ಚರಣ್ ಕೂಡ ಹಿಂದೆಮುಂದೆ ನೋಡಿದ. ತಾಯಿಯ ಮುಖ ನೋಡಿದ. "ಒರೆಸು," ಎಂದರು ಅವರು. ಮುಚ್ಚಳ ಬಿಚ್ಚಿಸಿ, ಒದ್ದೆ ಬಟ್ಟೆಯಲ್ಲಿ ಅಂಟು ತೆಗೆಸಿ, ಪೆಟ್ರೋಲ್ ಬಟ್ಟೆಯಲ್ಲಿ ಇನ್ನೊಂದು ಸಲ ಒರೆಸಿಸಿ, ಕಿಡಿ ಸುಟ್ಟು ಮಾಡಿದ್ದ ಸಣ್ಣ ಗೆರೆಯನ್ನು ಬ್ಲೇಡಿನಿಂದ ಕೆರೆಸಿದೆ. ಬಿಸಿಲಿನಲ್ಲಿ ಇಡಿಸಿದೆ. ಚರಣ್ ಐದು ನಿಮಿಷಕ್ಕೇ ಸಾಕಲ್ಲವೇ ಎಂದ. ಒಂದು ವಾರ ನಾನು ಕಾದಿಲ್ಲವೇ, ನೀನು ಅರ್ಧ ಗಂಟೆ ಕಾಯಿ ಎಂದೆ. ಬೀದಿಯಲ್ಲಿ ತರಕಾರಿಯವನು ಕೂಗಿಕೊಂಡು ಹೋದ. ವಿಜಯಮ್ಮನವರು ಕರೆಯಲಿಲ್ಲ.

ಮುಚ್ಚಳ ಕೂರಿಸಿ, ಸೆಲ್ಫ್ ಹೊಡೆದವನು ಚರಣ್. ಎರಡನೆಯ ತಿರುವಿಗೆ ಎಂಜಿನ್ನು ಹಿಡಿಯಿತು. ಒಂದೆರಡು ಸಲ ಕೆಮ್ಮಿ, ಆಮೇಲೆ ಸಮನಾಗಿ ಓಡಿತು. ಚೌಕಿದಾರ ನನ್ನ ಕಡೆ ತಿರುಗಿ ನಮಸ್ತೆ ಎಂದ. ನಾನು ಕುರ್ಚಿ ಬಿಟ್ಟು ಏಳಲಿಲ್ಲ.

"ಈಗ ಕಾಯಿಲ್ ವಿಷಯ," ಎಂದೆ. "1977, ಮೇ ತಿಂಗಳು. ಸಾಹೇಬರು ಆಗ್ರಾ ನೋಡಿ ಬರೋಣ ಅಂತ ಹೊರಡಿಸಿದ್ರು. ಕೋಸಿ ಊರು ದಾಟಿದ ಮೇಲೆ ಗಾಡಿ ನಿಂತಿತು. ವಿಲಾಯತಿ ಕಾಯಿಲ್ ಕಾದು ಕಾದು ಒಡೆದು ಎಣ್ಣೆ ಸೋರಿತ್ತು. ಸಾಹೇಬರೂ ನಾನೂ ಲಾರಿ ಹತ್ತಿ ಮಥುರೆಗೆ ಹೋಗಿ ಈ ಕಾಯಿಲ್ ತಂದ್ವಿ. ಹಳೇದನ್ನ ಸಾಹೇಬರೇ ರಸ್ತೆ ಪಕ್ಕದ ಹಳ್ಳಕ್ಕೆ ಎಸೆದ್ರು. ಅಮ್ಮಾ, ನೀವು ನಾಲ್ಕು ಗಂಟೆ ಹೊತ್ತು ಬೇವಿನ ಮರದ ಕೆಳಗೆ ಕೂತಿದ್ರಿ. ಇವನು ನಿಮ್ಮ ತೊಡೆ ಮೇಲೆ, ಎಂಟು ತಿಂಗಳ ಕೂಸು."

ವಿಜಯಮ್ಮನವರ ಬಾಯಿಂದ ಬಂದದ್ದು ಕಾಯಿಲ್‌ನ ಮಾತಲ್ಲ. "ಹಿತ್ತಾಳೆ ಚೊಂಬಲ್ಲಿ ಮಜ್ಜಿಗೆ ತಂದುಕೊಟ್ಟಳಲ್ಲ, ಆ ಹೊಲದವಳು," ಎಂದರು. "ಇವನಿಗೆ ಸೆರಗಲ್ಲಿ ಗಾಳಿ ಹಾಕಿದಳು." ಅಷ್ಟು ಹೇಳಿ ಗೋಡೆಯ ಆಸರೆ ಬಿಟ್ಟು ಮುಂದೆ ಬಂದರು. ಅವರಿಗೆ ಆ ದಿನ ಮಜ್ಜಿಗೆಯ ದಿನವಾಗಿ ಉಳಿದಿತ್ತು, ನನಗೆ ಕಾಯಿಲ್‌ನ ದಿನವಾಗಿ. ಭಾನುವಾರ ಒಂದು ಮಾತು ನನ್ನನ್ನು ಕೇಳಿದ್ದರೆ ಎರಡೂ ಕೂಡಿಕೊಳ್ಳುತ್ತಿದ್ದವು. ಕೇಳಲಿಲ್ಲ. ಕ್ಷಮಿಸಿದರು.

"ಅಂಕಲ್, ಸಾರಿ. ಗಲತೀ ಹೋ ಗಯೀ," ಎಂದ ಚರಣ್. ಕೈಗೆಲ್ಲ ಮಸಿ ಮೆತ್ತಿಕೊಂಡಿತ್ತು.

ನಾನು ವಿಜಯಮ್ಮನವರನ್ನೇ ನೋಡಿದೆ. "ಅಮ್ಮಾ, ಭಾನುವಾರ ನೀವು ನನ್ನನ್ನ ಕ್ಷಮಿಸಿದ್ರಿ. ಅದನ್ನ ವಾಪಸ್ ತಗೊಳ್ಳಿ."

ಅವರ ಕಣ್ಣು ತುಂಬಿತು. ನಾನು ಕರಗಲಿಲ್ಲ, ಕಾದೆ.

"ತಗೊಂಡೆ," ಎಂದರು. "ನಾನು ಹಾಗೆ ಅನ್ನಬಾರದಿತ್ತು. ನೀವು ತಗೊಳ್ಳೋರಲ್ಲ ಅಂತ ನನಗೆ ಗೊತ್ತಿರಬೇಕಿತ್ತು."

ಇಷ್ಟಕ್ಕೇ ಮುಗಿಯಿತು ಎಂದು ಚರಣ್ ಅಂದುಕೊಂಡ. ನಾಳೆ ಮೆರವಣಿಗೆಗೆ ನೀವೂ ಬನ್ನಿ ಎಂದು ಕರೆಯಲು ಶುರುಮಾಡಿದ. ನನ್ನ ಹೆಸರು ಹೋದದ್ದು ಇಲ್ಲಿ ಮಾತ್ರವಲ್ಲ, ಓಖ್ಲಾದಲ್ಲೂ ಹೋಗಿದೆ, ಎಲ್ಲಿ ಹೋಯಿತೋ ಅಲ್ಲಿಗೇ ಹೋಗಿ ತರಬೇಕು ಎಂದೆ. ಫೋನ್ ಮಾಡಿ ಹೇಳುತ್ತೇನೆ ಎಂದ. ಸತ್ಪಾಲನ ಕಿವಿಗೆ ಹೇಳಿದರೆ ಉಳಿದ ಆರೇಳು ಜನಕ್ಕೆ ಕೇಳಿಸುವುದಿಲ್ಲ ಎಂದೆ. ಅವನು ಕೈ ಒರೆಸಿಕೊಂಡು, ಚಲೋ, ಹೋಗೋಣ ಎಂದ. ವಿಜಯಮ್ಮನವರು ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದು ಮಗನ ಪಕ್ಕ ಕೂತರು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಆ ಕಾರಿನ ಹಿಂದಿನ ಸೀಟಿನಲ್ಲಿ ನಾನು ಅದುವರೆಗೆ ಕೂತಿರಲಿಲ್ಲ. ಅಲ್ಲಿಂದ ರಸ್ತೆ ಬೇರೆಯೇ ರೀತಿ ಕಾಣುತ್ತದೆ.

ಓಖ್ಲಾದ ವರ್ಕ್‌ಶಾಪಿನೊಳಗೆ ಚರಣ್ ಗಾಡಿಯನ್ನು ಓಡಿಸಿಕೊಂಡೇ ಹೋದ. ಕೆಲಸದವರು ಸ್ಪ್ಯಾನರ್ ಹಿಡಿದ ಕೈಯಲ್ಲೇ ಎದ್ದು ಬಂದರು. ಸತ್ಪಾಲ್ ನಲವತ್ತು ದಾಟಿದವನು, ಹಣೆಯ ಮೇಲೆ ಉದ್ದ ತಿಲಕ. ಗಾಡಿ ಓಡುವುದನ್ನು ಕಂಡು ಮೊದಲು ಅವನು ಕೇಳಿದ್ದು, ಒರಿಜಿನಲ್ ಸಿಕ್ಕಿತಾ ಎಂದು.

ಚರಣ್ ಇಳಿದು, ಎಲ್ಲರಿಗೂ ಕೇಳಿಸುವ ಹಾಗೆ ಹಿಂದಿಯಲ್ಲಿ ಹೇಳಿದ. ಇವರು ಏನನ್ನೂ ತೆಗೆದಿಲ್ಲ, ಕಾಯಿಲ್ ನಮ್ಮ ತಂದೆಯೇ ಹಾಕಿಸಿದ್ದು, ಗೊತ್ತಿಲ್ಲದೆ ನಾನು ಇವರ ಹೆಸರು ಹೇಳಿದೆ, ಅದು ನನ್ನ ತಪ್ಪು. ಒಂದೇ ಉಸಿರಿನಲ್ಲಿ ಹೇಳಿದ. ಆದರೆ ಮಾತು ನುಂಗದೆ ಹೇಳಿದ.

ಸತ್ಪಾಲ್ ನಕ್ಕು ನನ್ನ ಭುಜದ ಮೇಲೆ ಕೈಯಿಟ್ಟ. "ಅರೇ ಚಾಚಾ, ಛೋಡಿಯೇ. ಕೋಯೀ ಬಡೀ ಬಾತ್ ನಹೀ."

"ಬಡೀ ಬಾತ್ ಹೈ," ಎಂದೆ. ಭುಜದ ಮೇಲಿನ ಕೈಯನ್ನು ನೋಡಿದೆ. ಅವನು ತೆಗೆದ. ದೊಡ್ಡ ಮಾತೇ. ನೀನು ಕಿಡಿ ನೋಡದೆ ಹೇಳಿದೆ, ಮಿಸ್ತ್ರಿಯಾದವನು ಹಾಗೆ ಹೇಳಬಾರದು ಎಂದು ನನಗೆ ಬರುವ ಹಿಂದಿಯಲ್ಲಿ, ಅವನ ಹುಡುಗರ ಎದುರಿಗೇ ಹೇಳಿದೆ. ಅವನ ನಗು ಹೋಯಿತು. ಮಾಫ್ ಕರ್‌ನಾ ಎಂದ. ಮತ್ತೆ, ಹಾಗಾದರೆ ಖರಾಬಿ ಏನಿತ್ತು ಎಂದು ಕೇಳಿದ. ಈ ಸಲ ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

ಕಾರಿನ ಮುಂದಿನ ಸೀಟಿನಲ್ಲಿ ವಿಜಯಮ್ಮನವರು ತಲೆ ಬಗ್ಗಿಸಿ ಕೂತಿದ್ದರು. ಅವರನ್ನು ಇಷ್ಟು ಜನರ ಮುಂದೆ ನಿಲ್ಲಿಸುವ ಮನಸ್ಸು ನನಗಿರಲಿಲ್ಲ. ಮುಚ್ಚಳಕ್ಕೆ ತೇವ ಹಿಡಿದಿತ್ತು ಎಂದೆ.

ಬಾಗಿಲು ತೆಗೆದ ಸದ್ದಾಯಿತು. ವಿಜಯಮ್ಮನವರು ಸೆರಗು ಸರಿಮಾಡಿಕೊಂಡು ಇಳಿದು ಬಂದು ನನ್ನ ಪಕ್ಕದಲ್ಲಿ ನಿಂತರು. ಅವರ ಹಿಂದಿ ನಲವತ್ತು ವರ್ಷದಿಂದ ತರಕಾರಿಯವನ ಜೊತೆ ಮಾತಾಡುವಷ್ಟೇ ಇತ್ತು.

"ನಹೀ. ನಾರಿಯಲ್ ಕಾ ಪಾನೀ ಮೈನೇ ಡಾಲಾ," ಎಂದರು. "ಇನ್ಹೋನೇ ಕುಛ್ ನಹೀ ಕಿಯಾ."

ತೆಂಗಿನ ನೀರು ಹಾಕಿದವಳು ನಾನು, ಇವರು ಏನೂ ಮಾಡಿಲ್ಲ. ಹಿಂದೆ ನಿಂತಿದ್ದ ಇಬ್ಬರು ಕಿಸಕ್ಕನೆ ನಕ್ಕರು. ವಿಜಯಮ್ಮನವರು ಆ ನಗುವಿಗೆ ಮುಖ ತಿರುಗಿಸಲಿಲ್ಲ, ಅದು ನಿಲ್ಲುವವರೆಗೂ ನಿಂತೇ ಇದ್ದರು. ನಿಂತ ಮೇಲೆ ಇನ್ನೊಂದು ಸಲ ಅದೇ ಮಾತು ಹೇಳಿದರು, ಕೇಳಿಸದವರಿಗೂ ಕೇಳಿಸಲಿ ಎಂದು.

ಆಗ ನಾನು ಹೋಗೋಣ ಎಂದೆ.